ಮೈಕ್ ಆನ್ ಇದೆ

ಪಿ.ಟಿ. ಮೇಷ್ಟ್ರು ಕಂಪ್ಯೂಟರ್ ಮೇಡಂ ಅವರನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದು ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಅದೇ ದನಿಯಲ್ಲಿ. ಪ್ರಶ್ನೆ ಮೈದಾನದ ಆಚೆ ತುದಿಗೂ ಕೇಳಿಸಿತು. ಅಲ್ಲಿ ಆಡುತ್ತಿದ್ದ ಆರನೇ ಕ್ಲಾಸಿನವರು ಅಭ್ಯಾಸಬಲದಿಂದ ಸಾಲಾಗಿ ನಿಂತೇಬಿಟ್ಟರು.

ಮೇಡಂ ನಗಲಿಲ್ಲ. ನಗು ಬಂದದ್ದು ನಿಜ, ಅದನ್ನು ತುಟಿಯ ಒಂದು ಅಂಚಿನಲ್ಲಿ ಅಡಗಿಸಿಟ್ಟರು. ಹಿಂದಿನ ವಾರವಷ್ಟೇ ಮೇಷ್ಟ್ರು ಪಕ್ಕದ ಶಾಲೆಯ ಕೋಚ್‌ನ ಹಲ್ಲು ಉದುರಿಸಿ, ಆಡಳಿತ ಮಂಡಳಿಯಿಂದ ಕಡೆಯ ಎಚ್ಚರಿಕೆ ಪಡೆದು ಬಂದಿದ್ದರು.

"ಯಾರಾದರೂ ನಿಮ್ಮ ಮೈಮೇಲೆ ಬಂದಾಗ ಒಂದೇ ಒಂದು ಸಲ ಸುಮ್ಮನಿದ್ದು ತೋರಿಸಿ. ಆಮೇಲೆ ಮಾತಾಡೋಣ."

"ಅದೇನು ಮಹಾ."

"ನೋಡೋಣ," ಎಂದು ಮೇಡಂ ಲ್ಯಾಬಿನ ಕಡೆ ನಡೆದರು. ಎರಡು ಸಲ ತಿರುಗಿ ನೋಡಿದರು. ಎರಡನೆಯದು ಮೇಷ್ಟ್ರ ಕಣ್ಣಿಗೆ ಬಿತ್ತು.

ಆಗ ಲ್ಯಾಬಿನಲ್ಲಿ ಶಾಲಾ ಮಕ್ಕಳ ಆನ್‌ಲೈನ್ ಕೋಡಿಂಗ್ ಸ್ಪರ್ಧೆಗೆ ತಯಾರಿ ನಡೆದಿತ್ತು. ನಾಲ್ಕು ಮಕ್ಕಳು, ನಾಲ್ಕು ಹಳೆಯ ಕಂಪ್ಯೂಟರು, ಮೂಲೆಯಲ್ಲಿ ಒಂದು ಕ್ಯಾಮೆರಾ, ಒಂದು ಮೈಕು. ಒಬ್ಬ ಟೀಚರ್ ಮಾತ್ರ ಒಳಗಿರಬಹುದು. ಅವರೂ ಕುರ್ಚಿ ಬಿಟ್ಟು ಏಳುವಂತಿಲ್ಲ. ದೊಡ್ಡವರ ದನಿ ಕೇಳಿಸಿದರೆ, ಇನ್ನೊಂದು ಮುಖ ಕ್ಯಾಮೆರಾಕ್ಕೆ ಬಿದ್ದರೆ, ಉತ್ತರ ಹೇಳಿಕೊಟ್ಟಿದ್ದಾರೆಂದು ಇಡೀ ತಂಡವನ್ನೇ ಹೊರಗೆ ಹಾಕುತ್ತಾರೆ. ತಂಡ ಹೊರಬಿದ್ದರೆ ಲ್ಯಾಬು ಮುಚ್ಚಿ ಮುರಿದ ಬೆಂಚು ತುಂಬಿಸುವುದಾಗಿ ಹೆಡ್‌ಮಾಸ್ಟರು ಸ್ಪಷ್ಟವಾಗಿ ಹೇಳಿದ್ದರು. ಮುರಿದ ಬೆಂಚಿನ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ಅಕ್ಕರೆ.

ಪ್ರಾಕ್ಟೀಸ್ ರೌಂಡಿನ ದಿನ ವರಾಂಡದಲ್ಲಿ ಮೇಷ್ಟ್ರ ಸೀಟಿ ಮೊಳಗಿತು. ಹಿಂದೆಯೇ ಯಾರಿಗೋ ಬೈಗುಳ. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು, ತಂಡ ಹೊರಬಿತ್ತು. ಪುಣ್ಯಕ್ಕೆ ಅದು ಪ್ರಾಕ್ಟೀಸು.

ಮೇಡಂ ಹೊರಗೆ ಬಂದು ಮೇಷ್ಟ್ರ ಕೊರಳಿಗೇ ಕೈ ಹಾಕಿದರು. ಸೀಟಿಯ ದಾರ ಕಿವಿಗೆ ಸಿಕ್ಕಿಕೊಂಡಿತು. ಬಿಡಿಸುವಾಗ ಬೆರಳು ಕಿವಿಗೆ ತಾಗಿತು, ಕಿವಿ ಕೆಂಪಾಯಿತು. ಇಬ್ಬರೂ ಅದನ್ನು ಕೋಪದ ಲೆಕ್ಕಕ್ಕೆ ಹಾಕಿದರು.

"ನಿಮ್ಮ ಕೈಲಿ ಆಗಲ್ಲ ಬಿಡಿ, ಸುಮ್ಮನಿರೋದು," ಎಂದರು ಮೇಡಂ, ಸೀಟಿ ಮುಷ್ಟಿಯಲ್ಲಿ ಹಿಡಿದು.

ನಿಜವಾದ ಸ್ಪರ್ಧೆಯ ದಿನ ಮೇಷ್ಟ್ರು ತಾವಾಗಿಯೇ ಬಂದು ಲ್ಯಾಬಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬಾಗಿಲಿನಲ್ಲಿ ಮುಖದಷ್ಟಗಲದ ಗಾಜು, ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆ. ಒಳಗೆ ಮಕ್ಕಳು ಕೀಲಿ ಕುಟ್ಟುವ ಸದ್ದು ಶುರುವಾಯಿತು.

ಸ್ಪರ್ಧೆ ಅರ್ಧ ಮುಗಿದಿದ್ದಾಗ ಊರಿನ ಸಾಮಿಲ್ ಯಜಮಾನ ಬಂದ. ಕೈಯಲ್ಲಿ ಕಬ್ಬಿಣದ ಸರಳು. ಹೋದ ವಾರದವರೆಗೆ ಅವನ ಮಗ ತಂಡದಲ್ಲಿದ್ದ, ಈಗಿಲ್ಲ.

"ಪಕ್ಕಕ್ಕೆ ಸರಿ. ನನ್ನ ಮಗನಿಗಿಲ್ಲದ ಕಂಪ್ಯೂಟರು ಯಾರಿಗೂ ಬೇಡ."

"ಮೆಲ್ಲಗೆ, ಸಾರ್," ಮೇಷ್ಟ್ರು ಪಿಸುಗುಟ್ಟಿದರು. "ಮೈಕ್ ಆನ್ ಇದೆ."

ಜೀವಮಾನವಿಡೀ ಗರಗಸದ ಸದ್ದಿನ ಮೇಲೆ ಮಾತಾಡಿದವನಿಗೆ ಮೆಲ್ಲಗೆ ಎಂಬುದು ಬೈಗುಳದಂತೆ ಕೇಳಿಸಿತು. ಅವನು ಕೂಗಲು ಬಾಯಿ ತೆರೆದ. ಮೇಷ್ಟ್ರು ಅಂಗೈಯಿಂದ ಆ ಬಾಯಿ ಮುಚ್ಚಿದರು. ಯಜಮಾನ ಕಚ್ಚಿದ. ಹಲ್ಲು ಮಾಂಸಕ್ಕಿಳಿದು ಮೂಳೆಯ ಹತ್ತಿರ ನಿಂತಿತು. ಮೇಷ್ಟ್ರು ಕೈ ತೆಗೆಯಲಿಲ್ಲ, ಸದ್ದೂ ಮಾಡಲಿಲ್ಲ.

ಸರಳು ಹೆಗಲಿಗೆ ಬಿತ್ತು, ಆಮೇಲೆ ಪಕ್ಕೆಗೆ. ಪಕ್ಕೆಲುಬು ಮುರಿಯುವ ಸದ್ದು ಜನ ಅಂದುಕೊಂಡಷ್ಟು ದೊಡ್ಡದಲ್ಲ, ಒಣ ಕಡ್ಡಿ ಮುರಿದಷ್ಟೇ. ಮೂರನೆಯದು ಹುಬ್ಬಿನ ಮೇಲೆ. ಹಿಂದಕ್ಕೆ ಬಿದ್ದರೆ ಬಾಗಿಲು ಬಡಿದುಕೊಳ್ಳುತ್ತದೆಂದು ಮೇಷ್ಟ್ರು ಮುಂದಕ್ಕೆ ಬಿದ್ದರು, ಹೊಡೆಯುವವನ ಎದೆಯ ಮೇಲೆಯೇ.

ಒಳಗೆ ಮೇಡಂ ಗಾಜಿನಲ್ಲಿ ಎಲ್ಲವನ್ನೂ ನೋಡುತ್ತಿದ್ದರು. ಕುರ್ಚಿಯಿಂದ ಅರ್ಧ ಎದ್ದರು. ರಕ್ತ ಬಳಿದ ಮುಖವೊಂದು ಗಾಜಿನ ಕಡೆ ತಿರುಗಿ, ಬೇಡ, ಎಂದು ತಲೆಯಾಡಿಸಿತು. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಗೋಡೆ ಗಡಿಯಾರದ ಕಡೆ ಹೊರಳಿ, ಮತ್ತೆ ಮೇಡಂ ಕಡೆ ಬಂದು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅಷ್ಟು ಸಾವಧಾನವಾಗಿ ಆ ಮನುಷ್ಯ ಯಾರನ್ನೂ ನೋಡಿದ್ದಿಲ್ಲ.

ಮೇಡಂ ಕುಳಿತರು. ಮೈಕಿನ ಮುಂದೆ ಮೂಗು ಎಳೆಯುವಂತಿರಲಿಲ್ಲ, ಕಣ್ಣೀರು ತಾನಾಗಿ ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಮುಂದಿನ ಸಾಲಿನ ಹುಡುಗಿ ತಲೆಯೆತ್ತಿ ನೋಡಿದಳು. ಮೇಡಂ ಪರದೆಯ ಕಡೆ ಬೆರಳು ತೋರಿಸಿದರು. ಹುಡುಗಿ ಮತ್ತೆ ಟೈಪ್ ಮಾಡತೊಡಗಿದಳು.

ಹೊರಗೆ ಯಜಮಾನನ ಕೈಯಿಂದ ಸರಳು ಜಾರಿತು. ಸಿಮೆಂಟಿನ ನೆಲಕ್ಕೆ ಬಿದ್ದರೆ ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು. ಮೇಷ್ಟ್ರು ಪಾದ ಚಾಚಿ ಅದನ್ನು ತಮ್ಮ ಬೆರಳುಗಳ ಮೇಲೆ ಬೀಳಿಸಿಕೊಂಡರು. ಆಮೇಲೆ ಅವನನ್ನು ಮಲಗಿಸಿ, ಕೈ ಅವನ ಬಾಯಲ್ಲೇ ಬಿಟ್ಟು, ಮೇಲೆ ಮಲಗಿದರು.

ಗಡಿಯಾರ ತನ್ನ ಪಾಡಿಗೆ ನಡೆಯಿತು. ಕ್ಯಾಮೆರಾದ ದೀಪ ಆರಿದ ಕೂಡಲೇ ಮೇಡಂ ಓಡಿಬಂದು ಬಾಗಿಲು ತೆರೆದರು. ಆಗ ಮೇಷ್ಟ್ರು ಕೈ ತೆಗೆದರು.

"ಅಮ್ಮಾ," ಅಡಿಯಿಂದ ಯಜಮಾನನ ದನಿ ಬಂತು, "ಮೊದಲು ಇವರನ್ನ ಎಬ್ಬಿಸಿ. ಉಸಿರು ಕಟ್ತಾ ಇದೆ."

ಎಬ್ಬಿಸಿದರು. ಯಜಮಾನ ಬಾಯಿ ಒರೆಸಿಕೊಂಡ. "ನನ್ನ ಮಗನ್ನ ಯಾಕೆ ತೆಗೆದ್ರಿ?"

"ನಾನು ತೆಗೀಲಿಲ್ಲ. ಅವನೇ ಬಂದು ಬೇಡ ಅಂದ. ಸೋತರೆ ಅಪ್ಪ ಸುಮ್ಮನಿರಲ್ಲ ಅಂದ."

"ಹಾಗಂದ್ನಾ?"

"ಬೆನ್ನ ಮೇಲಿನ ಬಾಸುಂಡೆನೂ ತೋರಿಸಿದ."

ಯಜಮಾನ ಸರಳನ್ನು ನೋಡಿದ. ಅದನ್ನು ಎತ್ತಿಕೊಳ್ಳಲಿಲ್ಲ. ವರಾಂಡದುದ್ದಕ್ಕೂ ಗೋಡೆ ಹಿಡಿದುಕೊಂಡು ನಡೆದುಹೋದ.

ಮೇಡಂ ನೆಲದ ಮೇಲೆಯೇ ಕುಳಿತು ಮೇಷ್ಟ್ರ ಕೈಗೆ ಕರವಸ್ತ್ರ ಬಿಗಿದರು. ಬೇಕಾದ್ದಕ್ಕಿಂತ ಬಿಗಿಯಾಗಿ.

"ಒಂದು ಸಲ ಕೂಗಿದ್ದರೆ ಆಗ್ತಿತ್ತು. ಸತ್ತೇ ಹೋಗ್ತಿದ್ರಿ."

"ಸುಮ್ಮನಿದ್ದು ತೋರಿಸಿ ಅಂದಿದ್ರಿ."

"ಮೂಳೆ ಮುರಿಸಿಕೊಳ್ಳಿ ಅಂದಿದ್ನಾ?"

"ರೂಲ್ಸು ಪೂರ್ತಿ ಹೇಳಬೇಕು ಮೇಡಂ, ಆಟ ಶುರುವಾಗೋ ಮೊದಲು."

ಮೇಡಂ ನಗಲು ಹೋಗಿ ಬಿಕ್ಕಿದರು. ಮೇಷ್ಟ್ರು ತೆರೆದಿದ್ದ ಒಂದೇ ಕಣ್ಣಿನಿಂದ ಅದನ್ನು ನೋಡಿದರು. ಪೆಟ್ಟುಗಳಿಗಿಂತ ಅದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು.

ಒಳಗಿನಿಂದ ಮಕ್ಕಳು ಕೂಗಿದರು. "ಮೇಡಂ, ಹಸಿರು ಬಂತು. ಮುಂದಿನ ರೌಂಡಿಗೆ ಹೋದ್ವಿ ಮೇಡಂ."

"ಬಂದೆ ಇರ್ರೋ," ಎಂದ ಮೇಡಂ ಅಲ್ಲಾಡಲಿಲ್ಲ. "ಈಗ ಕೇಳಿ."

"ಏನನ್ನ?"

"ಅವತ್ತು ಊರಿಗೆಲ್ಲ ಕೇಳೋ ಹಾಗೆ ಕೇಳಿದ್ರಲ್ಲ, ಅದನ್ನ."

ಮೇಷ್ಟ್ರು ಬಾಯಿ ತೆರೆದರು. ತುಟಿ ಸೀಳಿತ್ತು, ಪಕ್ಕೆ ದನಿಯನ್ನು ಮೇಲೆ ಬಿಡಲಿಲ್ಲ. ಪ್ರಶ್ನೆ ಎಷ್ಟು ಮೆಲ್ಲಗೆ ಹೊರಬಂತೆಂದರೆ ಮೇಡಂ ಬಾಗಿ ಕಿವಿಯನ್ನು ಅವರ ತುಟಿಯ ಹತ್ತಿರ ತರಬೇಕಾಯಿತು. ಕಿವಿಯ ತುದಿಗೆ ಒಂದು ಹನಿ ರಕ್ತ ಅಂಟಿತು. ಒರೆಸಿಕೊಳ್ಳಲಿಲ್ಲ.

ಉತ್ತರವಾಗಿ ಮೇಡಂ ಕಾಲರಿನ ಒಳಗಿನಿಂದ ಒಂದು ದಾರ ಎಳೆದರು. ಅದರ ತುದಿಯಲ್ಲಿ ಸೀಟಿ. ಕಸಿದುಕೊಂಡ ದಿನದಿಂದ ಅದು ಅಲ್ಲೇ ಇತ್ತು, ಮೈಯ ಬಿಸುಪಿಗೆ ಬೆಚ್ಚಗಾಗಿ.

ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಇದ್ದಷ್ಟು ಉಸಿರನ್ನೆಲ್ಲ ಸೇರಿಸಿ ಊದಿದರು.

ಕೆಳಗೆ ಮೈದಾನದಲ್ಲಿ ಆರನೇ ಕ್ಲಾಸಿನವರು ಆಟ ಬಿಟ್ಟು ಸಾಲಾಗಿ ನಿಂತರು.