ಹಿಂದಕ್ಕೂ ಎಂಟು ಸುತ್ತು

“ಜೀಪು ಅಂತ ಬರೀಬೇಡಿ ಸಾರ್.”

ಆ ಮಾತು ಕೇಳಿದಾಗ ನಾನು ಊರಿಗಾಂನ ಹಳೆಯ ಶೆಡ್ಡಿನಲ್ಲಿ, ತುಕ್ಕು ಹಿಡಿದ ಒಂದು ವಾಹನದ ಕೆಳಗೆ ಮಲಗಿದ್ದೆ. ತಲೆ ಹೊರಳಿಸಿದರೆ ಕಂಡದ್ದು ಕೆಂಪು ಧೂಳು ಹತ್ತಿದ ಚಪ್ಪಲಿ, ಹಸಿರು ಸೀರೆಯ ಅಂಚು, ಅಷ್ಟೇ. ಮೇಲೆದ್ದ ಮೇಲೆ ಮುಖ ಕಂಡಿತು. ಮೂವತ್ತರ ಆಸುಪಾಸು. ನನ್ನ ಹಣೆಗೆ ಗ್ರೀಸ್ ಮೆತ್ತಿದ್ದನ್ನು ನೋಡಿ ನಗು ಬಂದಿರಬೇಕು, ಅವಳು ತುಟಿ ಬಿಗಿಹಿಡಿದು ಬೇರೆ ಕಡೆ ನೋಡಿದಳು.

ಅದು 1984ರ ಆಗಸ್ಟ್. ನಾನು ಕೆ.ಜಿ.ಎಫ್.ನ ಫ್ಯಾಕ್ಟರಿಯಲ್ಲಿ ಲೋಹ ಪರೀಕ್ಷಿಸುವ ಮೆಟಲರ್ಜಿಸ್ಟ್ ಆಗಿ ನಾಲ್ಕು ವರ್ಷವಾಗಿತ್ತು. ಊರು ಹಾವೇರಿ. ಕ್ವಾರ್ಟರ್ಸಿನಲ್ಲಿ ನನ್ನ ಬಳಿ ಇದ್ದದ್ದು ಒಂದು ತಟ್ಟೆ, ಒಂದು ಲೋಟ, ಒಂದು ಸೈಕಲ್ಲು. ಭಾನುವಾರ ಯಾರೊಂದಿಗೂ ಒಂದು ಮಾತಿಲ್ಲದೆ ಕಳೆದುಹೋಗುತ್ತಿತ್ತು. ಹೀಗಾಗಿ ಬಂಗಾರಪೇಟೆಯ ಗುಜರಿ ವ್ಯಾಪಾರಿ ಅಶ್ವತ್ಥಪ್ಪ ಬಂದು, ಚಿನ್ನದ ಗಣಿಯವರ ಹರಾಜಿನಲ್ಲಿ ಹಿಡಿದ ಗಾಡಿಯೊಂದು ಯಾವುದೆಂದು ನೋಡಿ ಹೇಳಿ ಎಂದಾಗ ಖುಷಿಯಿಂದಲೇ ಒಪ್ಪಿದ್ದೆ. ವಿಶೇಷದ್ದಾದರೆ ಉಳಿಸುತ್ತೇನೆ, ಇಲ್ಲವಾದರೆ ಇನ್ನೊಂಬತ್ತು ದಿನಕ್ಕೆ, ಸೋಮವಾರ, ಗ್ಯಾಸ್ ಕಟರ್‌ನಲ್ಲಿ ಕೊಯ್ಯಿಸುತ್ತೇನೆ ಎಂದಿದ್ದ.

ಅವಳ ಹೆಸರು ಆದಿಲಕ್ಷ್ಮಿ. ಬಂಗಾರಪೇಟೆಯ ಶಾಲೆಯಲ್ಲಿ ಗಣಿತದ ಟೀಚರು, ದಿನವೂ ರೈಲಿನಲ್ಲಿ ಹೋಗಿಬರುವವಳು. ಈ ಗಾಡಿಯನ್ನು ಓಡಿಸುತ್ತಿದ್ದದ್ದು ಅವಳ ತಂದೆ ಶ್ರೀರಾಮಪ್ಪ. ತೀರಿಕೊಂಡು ಐದು ವರ್ಷ.

“ಜೀಪು ಅಲ್ಲ ಅಂತ ಹೇಗೆ ಹೇಳ್ತೀರಿ?”

“ನಮ್ಮಪ್ಪ ಹೇಳ್ತಿದ್ರು. ಜೀಪು ಇದರ ಮುಂದೆ ಎತ್ತಿನಗಾಡಿ ಅಂತಿದ್ರು.”

ನಾನು ನಕ್ಕು ನನ್ನ ನೋಟ್‌ಬುಕ್ ತೋರಿಸಿದೆ. ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ ಎಂಬತ್ತನಾಲ್ಕು ಇಂಚು; ಜೀಪಿನದು ಎಂಬತ್ತು. ಪಟ್ಟಿ ಸ್ಪ್ರಿಂಗು ಒಂದೂ ಇಲ್ಲ; ನಾಲ್ಕು ಗಾಲಿಗೂ ಅದರ ಬದಲು ತಿರುಚಿಕೊಂಡು ಕುಲುಕು ತಾಳುವ ಕಬ್ಬಿಣದ ಸರಳು. ಜೀಪಲ್ಲ ಎಂಬುದು ನಿಜ. ಯಾವುದು ಎಂಬ ಜಾಗದಲ್ಲಿ ಮಾತ್ರ ‘ತಿಳಿಯದು’ ಎಂದು ಬರೆದಿದ್ದೆ. ಅವಳು ಆ ಪುಟವನ್ನು ತುಂಬ ಹೊತ್ತು ನೋಡಿದಳು. ತಿಳಿಯದು ಅಂತ ಬರೆದುಕೊಳ್ಳುವ ಗಂಡಸನ್ನು ಇದೇ ಮೊದಲು ನೋಡಿದ್ದು ಎಂದಳು.

ಮತ್ತೆರಡು ಸಂಜೆ ಬಂದಳು. ಮೊದಲ ದಿನ ಫ್ಲಾಸ್ಕಿನಲ್ಲಿ ಕಾಫಿ ತಂದು ಅದರ ಮುಚ್ಚಳವನ್ನು ನನಗೆ ಕೊಟ್ಟು, ತಾನು ಕುಡಿಯದೆ ಕೂತಳು. ಎರಡನೆಯ ದಿನ ನಾನು ನನ್ನ ಒಂದೇ ಲೋಟವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಕಂಡು ಅವಳು ಮೊದಲು ಅದಕ್ಕೇ ಸುರಿದು ತಾನು ತೆಗೆದುಕೊಂಡಳು.

ಅಂದು ಅವಳು ಹೇಳಿದ ಕಥೆ ಇದು. 1962ರಲ್ಲಿ ಗಣಿಯೊಳಗೆ ಬಂಡೆ ಸಿಡಿದಿತ್ತು. ನಂದಿದುರ್ಗದ ಕಾರ್ಮಿಕರ ಲೈನಿನ ಕದಿರಪ್ಪ, ಶ್ರೀರಾಮಪ್ಪನ ಜೀವದ ಗೆಳೆಯ, ಎದೆಗೆ ಪೆಟ್ಟು ಬಿದ್ದು ಮೇಲೆ ಬಂದ. ಗಣಿಯ ಶಾಫ್ಟಿನ ಬಾಯಿಂದ ಆಸ್ಪತ್ರೆಗೆ ಇದ್ದದ್ದು ಮಣ್ಣಿನ ದಿಬ್ಬಗಳ ನಡುವಿನ ಒಂಟಿ ದಾರಿ. ಪಕ್ಕದ ತಡೆಗೋಡೆ ಕುಸಿದು ಗಾಡಿ ತಿರುಗಿಸಲು ಜಾಗವಿರಲಿಲ್ಲ. ಒಂದೂವರೆ ಮೈಲಿಯನ್ನೂ ರಿವರ್ಸಿನಲ್ಲೇ, ಮುಂದಕ್ಕೆ ಹೋಗುವಷ್ಟೇ ಜೋರಾಗಿ ಓಡಿಸಿದೆ ಎಂದು ಶ್ರೀರಾಮಪ್ಪ ಹೇಳಿದ. ಕದಿರಪ್ಪ ಉಳಿಯಲಿಲ್ಲ. ಗಣಿಯಲ್ಲಿ ಅಂಥ ಗಾಡಿ ಅದೊಂದೇ; ಅದನ್ನು ಎಂದೂ ಓಡಿಸದ ಬೇರೆ ಡ್ರೈವರುಗಳು, ರಿವರ್ಸಿನಲ್ಲಿ ಯಾವ ಗಾಡಿ ಹಾಗೆ ಓಡುತ್ತದೆ ಎಂದು ನಕ್ಕರು. ಆ ವೇಗ ಸುಳ್ಳಾದರೆ, ಅವನು ಭಯದಿಂದ ಎಲ್ಲೋ ನಿಂತು ತಡ ಮಾಡಿರಬೇಕು. ಕದಿರಪ್ಪನ ಹೆಂಡತಿ ಮಂಗಮ್ಮ ಅದನ್ನೇ ನಂಬಿದಳು. ತೋರಿಸೋಣವೆಂದರೆ, ಅದೇ ದಿನ ವಾಪಸ್ ಬರುವಾಗ ಕಲ್ಲು ಬಿದ್ದು, ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಡೆದಿತ್ತು. ಇಂಗ್ಲೆಂಡಿನಿಂದ ಅದು ಮತ್ತೆ ಬರಲೇ ಇಲ್ಲ. ಗಾಡಿ ಶೆಡ್ಡು ಸೇರಿತು. ಶ್ರೀರಾಮಪ್ಪ ಸಾಯುವವರೆಗೂ ಊರವರ ಗೇಲಿಯ ಬಾಯಲ್ಲಿ ‘ರಿವರ್ಸ್ ಶ್ರೀರಾಮಪ್ಪ’ನೇ ಆಗಿದ್ದ.

“ನೀವು ಓದಿದೋರು. ಹೇಳಿ ಸಾರ್. ಅಂಗೆ ಓಡಿರ್ಬೋದಾ?”

ಶಾಲೆಯ ಕನ್ನಡ ಮಾತಾಡುತ್ತಿದ್ದವಳ ನಾಲಗೆ ಆ ಒಂದು ಪ್ರಶ್ನೆಗೆ ಮನೆಯ ಕನ್ನಡಕ್ಕೆ ಹೊರಳಿತ್ತು. ಅದನ್ನು ಗಮನಿಸಿದೆ. ಆದರೂ ನಾನು ಉತ್ತರಿಸಿದ್ದು ಪರೀಕ್ಷೆಯ ಹಾಲಿನಲ್ಲಿ ಕೂತವನಂತೆ. “ರಿವರ್ಸಿಗೆ ಇರೋದು ಒಂದೇ ಗೇರ್. ಅದು ಎಲ್ಲಕ್ಕಿಂತ ನಿಧಾನದ್ದು. ನಿಮ್ಮ ತಂದೆ ಹೇಳಿದ್ದು ಸಾಧ್ಯವಿಲ್ಲ.”

ಅವಳು ಫ್ಲಾಸ್ಕಿನ ಮುಚ್ಚಳ ಒರೆಸಿ ತಿರುಗಿಸಿದಳು. ಅದು ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು. ಆಮೇಲೆ ಹೋದಳು. ಲೋಟ ನನ್ನ ಬಳಿಯೇ ಉಳಿಯಿತು.

ಮರುದಿನ ಬೆಳಗ್ಗೆ ಅವಳ ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಹೋದೆ; ನನ್ನನ್ನು ಕಂಡು ಹೆಂಗಸರ ಡಬ್ಬಿಗೆ ಹತ್ತಿದಳು. ಅದರ ಮರುದಿನವೂ. ನಾಲ್ಕು ವರ್ಷ ಮಾತಿಲ್ಲದೆ ಇದ್ದವನಿಗೆ ಎರಡು ದಿನ ದೊಡ್ಡದಾಗಬಾರದಿತ್ತು. ಅವಳು ಕಾಫಿ ಕುಡಿದ ಆ ಲೋಟವನ್ನು ಮಾತ್ರ ತೊಳೆಯಲು ಮನಸ್ಸು ಬರಲಿಲ್ಲ. ತೊಳೆಯದೆ ಇಡುವುದೂ ಹುಚ್ಚೆನಿಸಿತು. ಕೊನೆಗೆ ತೊಳೆದೆ.

ಶುಕ್ರವಾರ ಸಂಜೆ ಮತ್ತೆ ಗಾಡಿಯ ಕೆಳಗೆ ಮಲಗಿದೆ. ಸೀಟಿನ ಪಕ್ಕ ಎರಡನೆಯ ಲಿವರ್ ಒಂದಿತ್ತು. ನಾಲ್ಕೂ ಗಾಲಿಗೆ ಬಲ ಕೊಡುವುದಕ್ಕೆ ಎಲ್ಲ ಜೀಪುಗಳಲ್ಲೂ ಅಂಥದ್ದು ಇರುತ್ತದೆಂದು ನಾನು ಅದನ್ನು ಪರೀಕ್ಷಿಸಿಯೇ ಇರಲಿಲ್ಲ. ಈಗ ಅದರ ಸರಳನ್ನು ಬೆರಳಿನಿಂದ ಹಿಂಬಾಲಿಸಿದೆ. ಅದು ಗೇರ್‌ಬಾಕ್ಸನ್ನು ದಾಟಿ ನೇರ ಹಿಂದಿನ ಗಾಲಿಗಳ ಆಕ್ಸಲ್ಲಿಗೆ ಹೋಗಿತ್ತು. ಅಲ್ಲಿ ಅದಕ್ಕೇನು ಕೆಲಸ? ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ‘ಸಾಧ್ಯವಿಲ್ಲ’ ಎಂಬ ನನ್ನ ತೀರ್ಪನ್ನು ಹೊಡೆದುಹಾಕಿ ಮತ್ತೆ ‘ತಿಳಿಯದು’ ಎಂದು ಬರೆದೆ.

ತಿಳಿಯುವ ದಾರಿ ಒಂದೇ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಗಾಡಿ ಮಾಡಿದವರ ಬರಹವಿರುವ ಅಂಗೈಯಗಲದ ತಗಡೊಂದಿತ್ತು. ಇಂಗ್ಲಿಷ್ ಬಾರದ ಶ್ರೀರಾಮಪ್ಪ ಅದನ್ನೇ ಗಾಡಿಯ ಹಣೆಯೆಂದು ತಿಳಿದು, ಪ್ರತಿ ಆಯುಧಪೂಜೆಗೂ ಅರಿಶಿನ, ಕುಂಕುಮ, ಗಂಧ ಬಳಿದಿದ್ದ. ಅವನು ಹೋದ ಮೇಲೆ ಮಗಳು ಬಳಿದಿದ್ದಳು. ಗಾಡಿ ಬಂದಂದಿನಿಂದ ಇಪ್ಪತ್ತೊಂಬತ್ತು ವರ್ಷದ ಪೂಜೆ ಎಂಜಿನ್ನಿನ ಎಣ್ಣೆಗೆ ಕಲೆತು ಕಲ್ಲಿನಂತೆ ಗಟ್ಟಿಯಾಗಿತ್ತು. ಅದನ್ನು ಕೆರೆಯುವ ಹಕ್ಕು ನನಗಿರಲಿಲ್ಲ.

ಶನಿವಾರ ಅವಳ ಮನೆಯ ಬಾಗಿಲಲ್ಲಿ ನಿಂತು, ನಾನು ಹೇಳಿದ್ದು ತಪ್ಪಿರಬಹುದು ಎಂದೆ. ಇರಬಹುದು ಅಷ್ಟೇ, ತಗಡನ್ನು ತೊಳೆದರೆ ಗೊತ್ತಾಗುತ್ತದೆ ಎಂದೆ.

“ತೊಳೆದ ಮೇಲೂ ಅಪ್ಪನದೇ ಸುಳ್ಳು ಅಂತಾದ್ರೆ?”

“ಅದನ್ನೂ ಹೇಳ್ತೀನಿ.”

ಅವಳು ಒಳಗೆ ಹೋಗಿ ಹುಣಸೆಹಣ್ಣು ನೆನೆಹಾಕಿದಳು.

ಭಾನುವಾರ ಬೆಳಗ್ಗೆ ಅವಳು ಬಂದಾಗ ಜೊತೆಗೆ ಮಂಗಮ್ಮನಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಆದಿಲಕ್ಷ್ಮಿಯೇ ಅವರ ಮನೆಗೆ ಹೋಗಿ, ಬಂದು ನೋಡಿ ಅತ್ತೆ, ಏನಾದರೂ ಸರಿ, ಎಂದು ಕರೆತಂದಿದ್ದಳಂತೆ. ಸೋತರೆ ಆ ಹೆಂಗಸಿನ ಎದುರೇ ಸೋಲಬೇಕೆಂದು ನಿಶ್ಚಯಿಸಿದ್ದಳು. ನನಗೆ ಭಯವಾಯಿತು.

ಮನೆಯ ಹಿತ್ತಾಳೆ ಚೊಂಬು ಬೆಳಗುವಂತೆ ಆದಿಲಕ್ಷ್ಮಿ ಹುಣಸೆಹುಳಿ ಹಚ್ಚಿ ಉಜ್ಜಿದಳು. ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಅವಳು ಅಳುತ್ತಿದ್ದಳು, ಕೈ ಮಾತ್ರ ನಿಲ್ಲಿಸಲಿಲ್ಲ. ಮೊದಲು ಕಂಡದ್ದು ‘ಆಸ್ಟಿನ್’ ಎಂಬ ಹೆಸರು. ಅದರ ಕೆಳಗೆ ಐದು ಗೇರಿನ ನಕ್ಷೆ. ಪಕ್ಕದಲ್ಲಿ ಎರಡನೆಯ ಲಿವರಿನ ಚಿತ್ರ: ಈ ಕಡೆ ಮುಂದಕ್ಕೆ, ಆ ಕಡೆ ಹಿಂದಕ್ಕೆ. ನಾನು ಎರಡೆರಡು ಸಲ ಓದಿದೆ. ಮುಂದಕ್ಕಿದ್ದ ಐದೂ ಗೇರು ಹಿಂದಕ್ಕೂ ಇದ್ದವು.

ಓದಿ ಹೇಳಿದರೆ ಮಂಗಮ್ಮ, “ಇಂಗ್ಲೀಸು ಏನಾದ್ರೂ ಏಳ್ಬೋದು” ಎಂದಳು. ಅದೂ ನ್ಯಾಯವೇ. ಸೀಮೆಎಣ್ಣೆ ಬಿಟ್ಟು ಎಂಜಿನ್ನನ್ನು ಹಿಂದಿನ ದಿನವೇ ಸಡಿಲಿಸಿದ್ದೆ. ಹಿಂದಿನ ಗಾಲಿಯೊಂದನ್ನು ಜಾಕಿನಲ್ಲಿ ಎತ್ತಿ, ಟಯರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಐದನೆಯ ಗೇರು ಹಾಕಿ, ಮುಂದೆ ಹೋಗಿ ಎಂಜಿನ್ನಿನ ಹ್ಯಾಂಡಲ್ ತಿರುಗಿಸಿದೆ, ಸರಿಯಾಗಿ ಇಪ್ಪತ್ತು ಸುತ್ತು. ಮಂಗಮ್ಮ ಗೆರೆ ನೋಡುತ್ತ ಎಣಿಸಿದಳು. ಎಂಟು.

ಆದಿಲಕ್ಷ್ಮಿ ತಂದೆಯ ಸೀಟಿನಲ್ಲಿ ಕೂತು ಎರಡನೆಯ ಲಿವರನ್ನು ಎರಡೂ ಕೈಯಿಂದ ಆ ಕಡೆಗೆ ತಳ್ಳಿದಳು. ಮತ್ತೆ ಇಪ್ಪತ್ತು ಸುತ್ತು ತಿರುಗಿಸಿದೆ. ಗೆರೆ ಈಗ ಹಿಂದಕ್ಕೆ ಹೊರಟಿತು. ಮಂಗಮ್ಮ ತೆಲುಗಿನಲ್ಲಿ ಎಣಿಸತೊಡಗಿದ್ದಳು. ಆರು ಆದ ಮೇಲೆ ಅವಳ ದನಿ ಕೇಳಲಿಲ್ಲ. ತುಟಿ ಮಾತ್ರ ಇನ್ನೆರಡು ಸಲ ಅಲುಗಿತು.

ಅವಳು ಬಂದು ಗಾಡಿಯ ಹಿಂದಿನ ಸೀಟನ್ನು ಅಂಗೈಯಿಂದ ಒರೆಸಿದಳು, ಯಾರೋ ಮಲಗಿದ್ದಾರೆಂಬಂತೆ. “ಶ್ರೀರಾಮಪ್ಪಣ್ಣ ನಮ್ಮ ಬಾಗ್ಲಿಗೆ ಬಂದು ನಿಂತ್ಕೊಂಡಿದ್ದ. ನಾನು ನೀರೂ ಕೊಡ್ಲಿಲ್ಲ ಕಣಮ್ಮ” ಎಂದಳು. ಆದಿಲಕ್ಷ್ಮಿ ಇಳಿದು ಅವಳ ಭುಜ ಹಿಡಿದಳು. ನಾನು ಶೆಡ್ಡಿನ ಹೊರಗೆ ಹೋಗಿ ನಿಂತೆ. ಆ ಜಾಗದಲ್ಲಿ ನನಗೆ ಕೆಲಸವಿರಲಿಲ್ಲ.

ತಗಡು ನೋಡಿ ಅಶ್ವತ್ಥಪ್ಪ ಕಟರ್‌ನವನನ್ನು ವಾಪಸ್ ಕಳಿಸಿದ. ಬೆಂಗಳೂರಿನ ಹಳೆಯ ಕಾರುಗಳ ಸಂಗ್ರಾಹಕರೊಬ್ಬರಿಗೆ ಅಳತೆಗಳನ್ನೆಲ್ಲ ಬರೆದೆ. ಅದು ಆಸ್ಟಿನ್ ಚಾಂಪ್, ಬ್ರಿಟಿಷ್ ಸೇನೆಗೆಂದು ಐವತ್ತರ ದಶಕದಲ್ಲಿ ಮಾಡಿದ್ದು, ಹೊರಗಿನವರಿಗೆ ಮಾರಿದ್ದು ತೀರ ಕಡಿಮೆ ಎಂದು ಉತ್ತರ ಬಂತು. ಸೆಪ್ಟೆಂಬರಿನಲ್ಲಿ ಅವರ ಲಾರಿಯೂ ಬಂತು. ಶೆಡ್ಡಿನಲ್ಲಿ ಉಳಿದದ್ದು ನೆಲದ ಮೇಲಿನ ಎಣ್ಣೆಯ ಕಲೆ. ಇನ್ನು ಅವಳನ್ನು ನೋಡಲು ನನಗೆ ನೆಪವಿರಲಿಲ್ಲ. ಕೆಲಸ ಮುಗಿಸಿ ಕ್ವಾರ್ಟರ್ಸಿಗೆ ಬರುತ್ತಿದ್ದೆ. ತಟ್ಟೆ, ಲೋಟ, ಸೈಕಲ್ಲು.

ಆಯುಧಪೂಜೆಯ ದಿನ ಫ್ಯಾಕ್ಟರಿಯಿಂದ ಬಂದಾಗ ಬಾಗಿಲ ಮುಂದೆ ಆದಿಲಕ್ಷ್ಮಿ ನಿಂತಿದ್ದಳು. ಅಭ್ಯಾಸಬಲದಿಂದ ಶೆಡ್ಡಿಗೆ ಹೋದೆ, ಗಾಡಿ ಇಲ್ಲದ್ದು ಅಲ್ಲಿ ಹೋದ ಮೇಲೆ ನೆನಪಾಯಿತು ಎಂದಳು. ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು.

“ತಪ್ಪು ಅಂತ ಗೊತ್ತಾದ್ರೆ ನೀವು ಯಾವಾಗ್ಲೂ ಅಂಗೇ ಬಂದು ಬಾಗ್ಲಲ್ಲಿ ನಿಂತು ಏಳ್ತೀರಾ?”

“ಗೊತ್ತಾದ ದಿನವೇ ಹೇಳ್ತೀನಿ.”

ಅವಳು ತಲೆಯಾಡಿಸಿ, ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಅರಿಶಿನ ಬಳಿದು, ನಡುವೆ ಕುಂಕುಮವಿಟ್ಟಳು. ಬೆರಳು ತೆಗೆಯದೆ, ನನ್ನ ಕಡೆ ನೋಡದೆ ಕೇಳಿದಳು: “ಇದಕ್ಕೆ ರಿವರ್ಸ್ ಇಲ್ಲ, ಅಲ್ವಾ ವಿಶ್ವನಾಥ್?”

ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಒಂದೂ ಇಲ್ಲ” ಎಂದೆ.

“ಸರಿ. ಕಾಫಿ ಮಾಡಿ.”

ಮನೆಯಲ್ಲಿ ಇರುವುದು ಒಂದೇ ಲೋಟ ಎಂದು ಹೇಳಬೇಕಾಯಿತು. ಗೊತ್ತು ಎಂದು ಅವಳು ಚೀಲಕ್ಕೆ ಕೈಹಾಕಿ ತನ್ನದನ್ನು ತೆಗೆದಳು.