ರೆಕ್ಕೆಯೊಳಗಿನ ತಾಮ್ರ

ಹುಲ್ಲಹಳ್ಳಿಯ ಹಳೆಯ ರೈಸ್‌ಮಿಲ್ಲಿನೊಳಗೆ ಭಾನುಪ್ರಿಯಾ, ಗಂಡ ದೀಪಕ್ ಸೇರಿ ವರ್ಷಗಟ್ಟಲೆ ಬೆವರು ಸುರಿಸಿ ಎರಡು ಸೀಟಿನ ವಿಮಾನ ಕಟ್ಟಿದ್ದರು. ದಾರಿ ತೋರುವ ರೇಡಿಯೊದ ಆಂಟೆನಾವನ್ನು ಭಾನುವೇ ತಾಮ್ರದ ಪಟ್ಟಿ ಕತ್ತರಿಸಿ ರೆಕ್ಕೆಯೊಳಗೆ ಅಂಟಿಸಿದ್ದಳು. ಅದು ಕೈಕೊಟ್ಟರೆ ಮೋಡದಲ್ಲಿ ದಿಕ್ಕೇ ತಿಳಿಯದು.

ಮೊದಲ ಹಾರಾಟದ ಬೆಳಿಗ್ಗೆ, ಮೇಲೇರಿದೊಡನೆ ಮೈಸೂರು ವಿಮಾನ ನಿಲ್ದಾಣದ ಸಂಕೇತ ಸ್ಪಷ್ಟವಾಗಿ ಕೇಳಿಸಿತು, ಸಂಕೇತ ಬರುವ ದಿಕ್ಕು ತೋರುವ ಮುಳ್ಳು ಅತ್ತಲೇ ನಿಂತಿತು. ಖುಷಿಯಲ್ಲಿ ದೀಪಕ್ ರೇಡಿಯೊವನ್ನು ಯಾವುದೋ ಖಾಲಿ ಚಾನೆಲ್ಲಿಗೆ ತಿರುಗಿಸಿದ. ಹೆಡ್‌ಫೋನಿನಲ್ಲಿ ಧಪ್, ಧಪ್ ಎಂಬ ಸದ್ದು; ಒಂದೊಂದು ಪೆಟ್ಟಿಗೂ ಹೆಂಗಸಿನ ಉಸಿರು.

"ಯಾರೋ ಭತ್ತ ಕುಟ್ತಾವ್ರೆ ಕಣೇ!"

"ಸುಮ್ಕಿರಿ, ಕೇಳಾನ," ಎಂದಳು ಭಾನು. ಭಯವಾಗಲಿಲ್ಲ, ಅಜ್ಜಿಯ ಪಕ್ಕ ಕೂತಷ್ಟು ನೆಮ್ಮದಿಯಾಯಿತು.

ಮುಳ್ಳು ನರಸೀಪುರದತ್ತ ತಿರುಗಿತು. ಅದರ ಹಿಂದೆಯೇ ಹೋದರು. ಅಲ್ಲಿ ಹೊಳೆಗಳು ಕೂಡುವ ಸಂಗಮದ ಮೇಲೆ ಬಂದದ್ದೇ ತಡ, ಸಂಕೇತ ಕೊಡುವ ಗೋಪುರವನ್ನು ದಾಟಿದಾಗ ತಿರುಗುವಂತೆಯೇ, ಮುಳ್ಳು ಹಿಂದಕ್ಕೆ ಹೊರಳಿತು.

"ಕೆಳ್ಗೆ ಏನೈತೆ?" ಎಂದ ದೀಪಕ್.

"ನೀರು ಕಣ್ರೀ. ಬರೀ ನೀರು."

ಮತ್ತೊಂದು ಸುತ್ತು ಹೊಡೆದರು. ಮುಳ್ಳು ಅದೇ ಜಾಗದಲ್ಲೇ ಹೊರಳಿತು.

ನಗುನಗುತ್ತಲೇ ಇಳಿದರು. ತಾನು ಮಾಡಿದ ಆಂಟೆನಾ ಗೆದ್ದಿತೆಂದು ಭಾನು ರೆಕ್ಕೆಯನ್ನು ಪ್ರೀತಿಯಿಂದ ತಟ್ಟಿದಳು. ಏಪ್ರಿಲ್ ಬಿಸಿಲಿಗೆ ಇಡೀ ರೆಕ್ಕೆ ಸುಡುತ್ತಿತ್ತು. ಒಳಗೆ ತಾಮ್ರವಿದ್ದ ಕಡೆ ಮಾತ್ರ, ಪಟ್ಟಿಯ ಉದ್ದಕ್ಕೂ, ಸಂಗಮದ ನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣನೆಯ ಇಬ್ಬನಿ ಕೂತಿತ್ತು.