ಒಂಬತ್ತನೇ ಪಂಜರದ ಕರಿಕೂದಲು

ಬೆಳಗ್ಗೆ ಎಂಟಕ್ಕೆ ಒಂಬತ್ತನೇ ಪಂಜರದ ಬಿಳಿ ಇಲಿ ಸತ್ತು ಬಿದ್ದಿತ್ತು. ಮೊದಲು ನೋಡಿದವನು ಪಂಜರ ಕಾಯುವ ನಾಗಲಿಂಗ. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುವ ಮನುಷ್ಯ.

ಇಲಿ ಸತ್ತರೆ ಪೊಲೀಸರೇ ಎಂದು ನಗಬೇಡಿ. ಅದಕ್ಕೆ ಇನ್ನೊಂದು ಇಲಿಯ ಕಿಡ್ನಿ ಕೂಡಿಸಿದ್ದರು. ಪರರ ಕಿಡ್ನಿಯನ್ನು ದೇಹ ಸುಮ್ಮನೆ ಒಪ್ಪುವುದಿಲ್ಲ. ಒಪ್ಪಿಸಲು ದಿನಾ ಸಂಜೆ ಔಷಧ ಕಲಸಿದ ಹಿಟ್ಟಿನ ಉಂಡೆ. ಬಾಗಲಕೋಟೆಯಲ್ಲಿ ಮೂರು ವರ್ಷ ಬೆವರು ಸುರಿಸಿದ ಪ್ರಯೋಗ ಅದು.

"ಸತ್ತದ್ದರ ರಕ್ತದಾಗ ಔಷಧ ಅರ್ಧಾನೂ ಇಲ್ರಿ," ಎಂದರು ಪ್ರಯೋಗ ನಡೆಸುವ ಡಾಕ್ಟರ್ ಶ್ರೀಧರ. "ಉಂಡಿ ಮಾಡಾಕಿ ಜೋಹರಾ. ತುಟ್ಟಿ ಔಷಧ, ಕದ್ದು ಮಾರ್ಯಾಳ. ಕೈ ನೋಡ್ರಿ, ಹೆಂಗ ನಡಗಾಕತ್ತಾವು. ಕಳ್ಳನ ಮನಸು ಹುಳ್ಳುಳ್ಳಗ!"

ಬಡವರ ಕೈ ಪೊಲೀಸರನ್ನು ಕಂಡರೆ ಕದಿಯದೆಯೂ ನಡುಗುತ್ತದೆ. ಅದು ಸಬ್ ಇನ್ಸ್‌ಪೆಕ್ಟರ್ ಚೇತನಾಳಿಗೆ ಗೊತ್ತಿತ್ತು. ಕಳ್ಳಿ ಅನ್ನಿಸಿಕೊಂಡರೆ ಜೋಹರಾಳಿಗೆ ಈ ಊರಲ್ಲಿ ಇನ್ಯಾರು ಕೆಲಸ ಕೊಟ್ಟಾರು ಎಂಬುದೂ ಗೊತ್ತಿತ್ತು.

* * *

ಫ್ರಿಜ್ಜಿನಲ್ಲಿ ಉಳಿದಿದ್ದ ಉಂಡೆಗಳನ್ನು ಪರೀಕ್ಷೆ ಮಾಡಿಸಿದಳು. ಔಷಧ ಪೂರ್ತಿ ಇತ್ತು.

"ಹಂಗಾರ ಇಲಿ ತಿಂದಿಲ್ಲೇನು?" ಎಂದಳು ಚೇತನಾ.

"ಬಟ್ಟಲ ಖಾಲಿ ಐತಲ್ರಿ," ಎಂದಳು ಜೋಹರಾ.

ಚೇತನಾ ಪಂಜರದಲ್ಲಿ ಹಾಸಿದ್ದ ಹೊಟ್ಟು ಕೆದಕಿದಳು. ಒಂದು ಕರಿ ಕೂದಲು.

"ಕರಿ ಇಲಿ ಎಷ್ಟ ಅದಾವ್ರಿ?"

"ಒಂದ," ಎಂದರು ಶ್ರೀಧರ. "ಇದಕ್ಕ ಕಿಡ್ನಿ ಕೊಟ್ಟದ್ದು. ಆ ಮೂಲ್ಯಾಗಿನ ಪಂಜರದಾಗ ಐತಿ."

"ಅದರ ರಕ್ತ ತೆಗೀರಿ."

"ಅದಕ್ಕ ಔಷಧಾನ ಕೊಟ್ಟಿಲ್ರಿ!"

"ಅದಕ್ಕ ತೆಗೀರಿ ಅನ್ನಾಕತ್ತೀನಿ."

ಮಧ್ಯಾಹ್ನ ವರದಿ ಬಂತು. ಕರಿ ಇಲಿಯ ರಕ್ತದಲ್ಲಿ ಔಷಧವಿತ್ತು.

* * *

"ಉಂಡಿ ಸರಿ ಇತ್ತು, ಬಟ್ಟಲ ಖಾಲಿ ಆಗಿತ್ತು. ಅಂದ್ರ ಎರಡೂ ಹಂಚ್ಕೊಂಡ ತಿಂದಾವು," ಎಂದಳು ಚೇತನಾ. "ಇಲಿ ತಾನ ಬಾಗಿಲ ತಗಿಯೂದಿಲ್ಲ. ಸಂಜಿ ಉಂಡಿ ಇಟ್ಟು ನೀವೆಲ್ಲಾ ಹೋಗ್ತೀರಿ. ಆಮ್ಯಾಲ ಕೀಲಿ ಯಾರ ಕಡೆ ಇರತೈತಿ?"

ಎಲ್ಲರೂ ನಾಗಲಿಂಗನ ಕಡೆ ತಿರುಗಿದರು.

"ನಾನ ರೀ," ಎಂದ ಅವನು. "ದಿನಾ ಸಂಜಿ ಕರೀದನ್ನ ಅದರ ಕಡೆ ಬಿಡ್ತಿದ್ನಿ. ಮುಂಜಾನೆ ವಾಪಸ್ ಇಡ್ತಿದ್ನಿ. ಔಷಧ ಕಡಿಮಿ ಬೀಳತೈತಿ ಅನ್ನೂದು ತಲಿಗಿ ಹೊಳೀಲಿಲ್ರಿ."

"ಯಾಕ ಬಿಟ್ರಿ, ಕಾಕಾ?"

"ಒಂದರೊಳಗ ಇನ್ನೊಂದರ ತುಂಡ ಐತಿ. ಒಡಹುಟ್ಟಿದಾವ ಅಲ್ಲೇನ್ರಿ? ಬ್ಯಾರೆ ಬ್ಯಾರೆ ಕುಂತಿದ್ವು. ನೋಡಾಕ ಆಗಲಿಲ್ಲ."

ಅಂಗಿ ಎತ್ತಿದ. ಪಕ್ಕೆಯಲ್ಲಿ ಹಳೆಯ ಉದ್ದನೆಯ ಗಾಯದ ಗುರುತು.

"ಇಳಕಲ್ಲಿನಾಗ ನನ್ನ ತಮ್ಮ ಹುಚ್ಚೇಶ ಅದಾನ. ನನ್ನ ಕಿಡ್ನಿ ಮ್ಯಾಲ ಆರಾಮ ಅದಾನ. ಏಳು ವರ್ಷಾತು, ಬಂದಿಲ್ಲ. ಫೋನೂ ಇಲ್ಲ."

ಶ್ರೀಧರ ತಾವು ಬರೆದುಕೊಟ್ಟಿದ್ದ ದೂರನ್ನು ವಾಪಸ್ ಪಡೆದು, ಹರಿದು, ಜೋಹರಾಳ ಕ್ಷಮೆ ಕೇಳಿದರು. ಕೇಸು ಬಗೆಹರಿದಿತ್ತು. ಚೇತನಾ ಮಾತ್ರ ಹೊರಡಲಿಲ್ಲ. ಇಳಕಲ್ಲಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ, ಅಷ್ಟೇ.

"ನೀವರ ಒಮ್ಮೆ ಹೋಗಿ ಬರಬಾರದೇನು, ಕಾಕಾ?"

ನಾಗಲಿಂಗ ಅಂಗಿ ಇಳಿಬಿಟ್ಟ.

"ಹೋದ್ರ, ಕೊಟ್ಟಿದ್ದ ನೆನಪ ಮಾಡಾಕ ಬಂದಾನ ಅಂದ್ಕೋತಾನ್ರಿ."